ಪಂಚರ ಸಾಲಿನಲ್ಲಿ ಜಾಗವಿಲ್ಲದವಳು

ಕನ್ನಡದ ಪತ್ತೇದಾರಿ ಕಾದಂಬರಿಗಳಲ್ಲಿ ಎಲ್ಲರಿಗೂ ಗೊತ್ತಿರುವ ನಾಯಕನ ಹೆಸರು ಪುರುಷೋತ್ತಮ. ನಾಲ್ಕನೇ ತರಗತಿವರೆಗೆ ಓದಿ, 500ಕ್ಕೂ ಹೆಚ್ಚು ಕಾದಂಬರಿ ಬರೆದು, ಎರಡು ಮೂರು ತಲೆಮಾರಿಗೆ ಓದಿನ ಹುಚ್ಚು ಹಿಡಿಸಿದ ಎನ್. ನರಸಿಂಹಯ್ಯನವರು ಏನೆಂದುಕೊಂಡು ಆ ಹೆಸರಿಟ್ಟರೋ ಕಾಣೆ, ಈ ಪ್ರಕಾರದ ಬಗ್ಗೆ ನಮ್ಮ ತಲೆಯಲ್ಲಿ ಕೂತಿರುವ ಚಿತ್ರವನ್ನೆಲ್ಲ ಆ ಒಂದು ಹೆಸರೇ ಹೇಳಿಬಿಡುತ್ತದೆ. ‘ಪತ್ತೇದಾರ’ ಎಂಬ ಪದಕ್ಕೆ ಸಲೀಸಾದ ಸ್ತ್ರೀಲಿಂಗವೇ ನಮ್ಮಲ್ಲಿಲ್ಲ. ‘ಪತ್ತೇದಾರಿಣಿ’ ಎಂದರೆ ಸಣ್ಣಗೆ ನಗು ಬರುತ್ತದೆ. ಅತ್ತ ಇಂಗ್ಲಿಷ್ ಪುಸ್ತಕದಂಗಡಿಗಳಲ್ಲಿ ಕಳೆದ ಮೂವತ್ತು ವರ್ಷಗಳಲ್ಲಿ ಅಂಥವರದೇ ಒಂದು ಕಪಾಟು ತುಂಬಿದೆ. ಎದೆಯ ಕೆಳಗೇ ಸೊಂಟ ಶುರುವಾಗುವ ಗೌನು ತೊಟ್ಟು, ನೃತ್ಯಕೂಟಕ್ಕೂ ಶವಾಗಾರಕ್ಕೂ ಒಂದೇ ಸಂಜೆ ಹೋಗಿಬರುವ ರೀಜೆನ್ಸಿ ಕಾಲದ ಹೆಣ್ಣುಮಗಳು. ಸ್ಟೆಫನಿ ಬ್ಯಾರನ್ 1996ರಿಂದ ಜೇನ್ ಆಸ್ಟಿನ್‌ಳನ್ನೇ ಪತ್ತೇದಾರಿಕೆಗೆ ಇಳಿಸಿದರು. ಆನಾ ಡೀನ್, ಡಾರ್ಸಿ ವೈಲ್ಡ್ ಮುಂತಾದವರು ತಮ್ಮ ತಮ್ಮ ನಾಯಕಿಯರನ್ನು ಕಟ್ಟಿಕೊಂಡರು. ವಿಮರ್ಶಕರು ಇವನ್ನು ರೈಲಿನ ಓದು ಎಂದು ಬದಿಗಿಡುತ್ತಾರೆ. ಈ ಪುಸ್ತಕಗಳ ರುಚಿ ಇರುವುದು ನಾಯಕಿಯ ಜಾಣತನಕ್ಕಿಂತ ಹೆಚ್ಚಾಗಿ ಅವಳಿಗೆ ಪ್ರಶ್ನೆ ಕೇಳುವ ಅಧಿಕಾರ ಇಲ್ಲದಿರುವುದರಲ್ಲಿ, ಮತ್ತು ಆ ರುಚಿಗೆ ಚರಿತ್ರೆಯ ಆಧಾರವಿದೆ ಎಂಬುದು ನನ್ನ ವಾದ. ಅದನ್ನು ಒರೆಗೆ ಹಚ್ಚುವುದಕ್ಕೆ ಐರ್ಲೆಂಡಿಗಿಂತ ಒಳ್ಳೆಯ ಜಾಗ ನನಗೆ ಕಾಣಿಸುವುದಿಲ್ಲ.

ರೀಜೆಂಟ್ ಅಂದರೆ ಏನೆಂದು ಹಳೇ ಮೈಸೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರ ಪರವಾಗಿ ಪೂರ್ಣಯ್ಯನವರು ರಾಜ್ಯಭಾರ ನಡೆಸಿದರಲ್ಲ, ಅದೇ ಬಗೆ. ಪೂರ್ಣಯ್ಯನವರು ಅಧಿಕಾರದಿಂದ ಸರಿಯುವ ಹೊತ್ತಿಗೇ, 1811ರ ಫೆಬ್ರವರಿಯಲ್ಲಿ, ಲಂಡನ್ನಿನಲ್ಲಿ ಬುದ್ಧಿ ಕೈಕೊಟ್ಟಿದ್ದ ಮೂರನೇ ಜಾರ್ಜ್ ದೊರೆಯ ಮಗ ರೀಜೆಂಟ್ ಆದ. ಅಪ್ಪ 1820ರ ಜನವರಿಯಲ್ಲಿ ತೀರಿಕೊಳ್ಳುವತನಕದ ಒಂಬತ್ತು ವರ್ಷವೇ ರೀಜೆನ್ಸಿ. ಅದು ಇಂಗ್ಲೆಂಡಿಗೆ ಸೊಗಸಿನ ಕಾಲವಾದರೆ ಐರ್ಲೆಂಡಿಗೆ ಕಳೆದುಕೊಂಡ ಕಾಲ. ಬ್ರಿಟನ್ನಿನೊಡನೆ ಆದ 1801ರ ಒಕ್ಕೂಟದಿಂದ ಡಬ್ಲಿನ್ನಿನ ಸಂಸತ್ತು ಇಲ್ಲವಾಯಿತು. ಕಾಲೇಜ್ ಗ್ರೀನ್‌ನಲ್ಲಿದ್ದ ಅದರ ಭವ್ಯ ಕಟ್ಟಡವನ್ನು ಬ್ಯಾಂಕಿಗೆ ಮಾರಿದರು. ಸಿರಿವಂತ ಜಮೀನ್ದಾರರು ಗಂಟುಮೂಟೆ ಕಟ್ಟಿ ಲಂಡನ್ ಸೇರಿದರು. ಊರಲ್ಲಿಲ್ಲದೆ ಗೇಣಿ ವಸೂಲಿ ಮಾಡುವ ಈ ಒಡೆಯರ ಬಗ್ಗೆಯೇ ಮರಿಯಾ ಎಜ್‌ವರ್ತ್ 1812ರಲ್ಲಿ ‘ದಿ ಆಬ್ಸೆಂಟೀ’ ಕಾದಂಬರಿ ಬರೆದಳು. ಆಮೇಲೆ 1816. ಹಿಂದಿನ ವರ್ಷ ಏಪ್ರಿಲ್‌ನಲ್ಲಿ ಇಂಡೋನೇಷ್ಯಾದ ಟಾಂಬೊರಾ ಜ್ವಾಲಾಮುಖಿ ಸಿಡಿದ ಬೂದಿ ಆಕಾಶ ಮುಚ್ಚಿ, ಬೇಸಿಗೆಯೇ ಬಾರದ ವರ್ಷ. ಐರ್ಲೆಂಡಿನಲ್ಲಿ ಮಳೆ ನಿಲ್ಲಲಿಲ್ಲ, ಆಲೂಗಡ್ಡೆಯೂ ಗೋಧಿಯೂ ನೆಲದಲ್ಲೇ ಕೊಳೆತವು, ಹಸಿವಿನ ಬೆನ್ನಿಗೆ ಟೈಫಸ್ ಜ್ವರ ಬಂದು ಮೂರು ವರ್ಷ ಊರೂರು ಸುತ್ತಿತು.

ಆಂಡ್ರ್ಯೂ ಹ್ಯೂಸ್ ತಮ್ಮ ‘ದಿ ಕರಾನರ್ಸ್ ಡಾಟರ್’ ಕಾದಂಬರಿಯನ್ನು ಇಟ್ಟಿರುವುದು ಇದೇ 1816ರ ಡಬ್ಲಿನ್ನಿನಲ್ಲಿ. 2017ರಲ್ಲಿ ಬಂದ ಈ ಪುಸ್ತಕವನ್ನು 2023ರಲ್ಲಿ ‘ಒನ್ ಡಬ್ಲಿನ್ ಒನ್ ಬುಕ್’ ಯೋಜನೆಗೆ, ಅಂದರೆ ಇಡೀ ನಗರ ಏಪ್ರಿಲ್ ತಿಂಗಳಲ್ಲಿ ಕೂಡಿ ಓದುವ ಪುಸ್ತಕವಾಗಿ ಆರಿಸಿದರು. ದೈವಭಕ್ತರ ಮನೆಯೊಂದರ ದಾದಿ ಬಸಿರನ್ನು ಮುಚ್ಚಿಟ್ಟು, ಹೆತ್ತು, ಹಸುಗೂಸನ್ನು ಕೊಲ್ಲುತ್ತಾಳೆ. ವಿಚಾರಣೆ ನಡೆಯುವ ಮೊದಲೇ ಅವಳೂ ಹೆಣವಾಗಿರುತ್ತಾಳೆ. ನಗರದ ಕರಾನರ್‌ನ ಒಬ್ಬಳೇ ಮಗಳು, ಹದಿನೆಂಟರ ಆಬಿಗೇಲ್ ಲಾಲೆಸ್‌ಗೆ ಆ ದಾದಿಯನ್ನು ಮರುಳುಮಾಡಿದವನ ಸಂದೇಶವೊಂದು ಅಕಸ್ಮಾತ್ತಾಗಿ ಸಿಗುತ್ತದೆ. ಕರಾನರ್ ಎಂದರೆ ಅಸಹಜ ಸಾವಿನ ಕಾರಣ ನಿರ್ಧರಿಸುವ ಅಧಿಕಾರಿ. ನಮ್ಮಲ್ಲಿ ಯುಡಿಆರ್ ಕೇಸು ಎಂದು ಠಾಣೆಯವರೇ ದಾಖಲಿಸಿ, ಪಂಚರನ್ನು ಕರೆದು ಶವ ಮಹಜರು ಮಾಡುವುದನ್ನು ಅಲ್ಲಿ ಅವನು ಜೂರಿ ಕೂರಿಸಿ ಮಾಡುತ್ತಿದ್ದ. ಎಷ್ಟೋ ಸಲ ಹೆಂಡದಂಗಡಿಯ ಮೇಜಿನ ಸುತ್ತಲೇ ವಿಚಾರಣೆ. ಜೂರಿಯವರು ಕಣ್ಣಾರೆ ಹೆಣ ನೋಡದೆ ತೀರ್ಪು ಕೊಡುವಂತಿರಲಿಲ್ಲ. ಜೂರಿಯವರೆಲ್ಲ ಗಂಡಸರು. ಇನ್ನು ಕಾನೂನು. 1803ರವರೆಗೆ, ಮದುವೆಯಾಗದವಳು ಹೆರಿಗೆ ಬಚ್ಚಿಟ್ಟು ಮಗು ಸತ್ತರೆ ಅವಳೇ ಕೊಂದಳೆಂದು ಊಹಿಸಿಕೊಳ್ಳಲಾಗುತ್ತಿತ್ತು. ನಿರಪರಾಧವನ್ನು ಸಾಬೀತು ಮಾಡುವ ಹೊರೆ ಬಾಣಂತಿಯದು. 1803ರ ಕಾಯ್ದೆ ಆ ಊಹೆಯನ್ನು ತೆಗೆದುಹಾಕಿತಾದರೂ ಬಸಿರು ಮುಚ್ಚಿಟ್ಟದ್ದಕ್ಕೆ ಜೈಲು ಉಳಿಯಿತು. ಹೀಗೆ ಕಾನೂನೇ ಪ್ರಕರಣ ಮುಗಿಸಿ ಕೈತೊಳೆದುಕೊಳ್ಳುವಾಗ ‘ಅಪ್ಪ ಯಾರು’ ಎಂದು ಕೇಳಬೇಕಾದ ಅಗತ್ಯ ಯಾವ ಗಂಡಸಿಗೂ ಬೀಳುವುದಿಲ್ಲ. ಆಬಿಗೇಲ್ ಕೇಳುವುದು ಅದನ್ನೇ. ಕಾದಂಬರಿಯ ಗತಿಯೆಲ್ಲ ಹುಟ್ಟುವುದು ಆ ಒಂದು ಪ್ರಶ್ನೆಯಿಂದ.

ಅಧಿಕಾರವಿಲ್ಲದವಳು ಹೇಗೆ ತಿಳಿದುಕೊಳ್ಳುತ್ತಾಳೆ ಎಂಬಲ್ಲೇ ಓದುಗನ ಸುಖ. ಪುರುಷೋತ್ತಮನಾದರೆ ಅಪರಾಧಿಯನ್ನು ಬೆನ್ನಟ್ಟಬಹುದು. ಪೊಲೀಸರು ಅವನ ಮಾತು ಕೇಳುತ್ತಾರೆ. ಇವಳು ಒಂಟಿಯಾಗಿ ಬೀದಿ ದಾಟಿದರೂ ಮಾತಾಗುತ್ತದೆ. ಹಾಗಾಗಿ ಇವಳ ಸಾಧನ ಬೇರೆ: ಕಾಗದ ಮಡಚಿದ ರೀತಿ, ಆಳಿನವಳು ಮಾತು ನಡುವೆ ನುಂಗಿಕೊಂಡ ಹೆಸರು, ಹೊಲಿಗೆ ಬಿಚ್ಚಿ ಅಗಲ ಮಾಡಿದ ರವಿಕೆ. ಒಂದೊಂದು ಭೇಟಿಗೂ ಒಂದು ನೆಪ ಹುಡುಕಬೇಕು, ಒಂದೊಂದು ಪ್ರಶ್ನೆಯನ್ನೂ ಕುಶಲ ಸಮಾಚಾರದ ಮಡಿಲಲ್ಲಿ ಬಚ್ಚಿಟ್ಟು ಕೇಳಬೇಕು. ಕೂಡುಕುಟುಂಬದ ಸೊಸೆಯಂದಿರಿಗೆ ಇದೆಲ್ಲ ಹೊಸ ವಿದ್ಯೆಯೇನಲ್ಲ. ಪಿ. ಡಿ. ಜೇಮ್ಸ್ ಆಸ್ಟಿನ್‌ಳ ‘ಎಮ್ಮಾ’ವನ್ನು ಪತ್ತೇದಾರಿ ಕಥೆಯೆಂದೇ ಓದಬಹುದು ಎಂದು 1998ರ ಉಪನ್ಯಾಸವೊಂದರಲ್ಲಿ ತೋರಿಸಿದ್ದರು. ಅಲ್ಲಿ ಕೊಲೆಯಿಲ್ಲ, ಒಂದು ಗುಟ್ಟಿದೆ. ಕಳಿಸಿದವರ ಹೆಸರಿಲ್ಲದೆ ಬಂದ ಪಿಯಾನೋ ಒಂದು ಸುಳಿವು. ಸುಳಿವೆಲ್ಲ ಓದುಗನ ಕಣ್ಣೆದುರೇ ಇದ್ದರೂ ಎಮ್ಮಾಳ ಹಾಗೆ ಓದುಗನೂ ತಪ್ಪಾಗಿ ಓದುತ್ತಾನೆ. ರೀಜೆಂಟನಿಗೇ ಅರ್ಪಿಸಿ 1815ರ ಡಿಸೆಂಬರಿನಲ್ಲಿ ಹೊರಬಂದ ಆ ಪುಸ್ತಕದ ಪ್ರತಿಯೊಂದು ಐರ್ಲೆಂಡಿನ ಲಾಂಗ್‌ಫರ್ಡ್ ಕೌಂಟಿಗೆ, ಮರಿಯಾ ಎಜ್‌ವರ್ತ್‌ಗೆ ಹೋಗಿತ್ತು. ಅವಳಿಗದು ಅಷ್ಟೇನೂ ಹಿಡಿಸಲಿಲ್ಲ, ಅದು ಬೇರೆ ಮಾತು.

ಐರ್ಲೆಂಡಿಗೆ ಬಂದಾಗ ಈ ಅಧಿಕಾರಹೀನತೆಗೆ ಇನ್ನೊಂದು ಅರ್ಥ ಸೇರಿಕೊಳ್ಳುತ್ತದೆ. ಆ ದೇಶದಲ್ಲಿ ಪ್ರಶ್ನೆ ಕೇಳುವವನು ಅಂದರೆ ಬ್ರಿಟಿಷ್ ಆಡಳಿತದ ಕೇಂದ್ರವಾದ ಡಬ್ಲಿನ್ ಕ್ಯಾಸಲ್‌ನ ಸಂಬಳ ತಿನ್ನುವವನು. ಲಂಡನ್ನಿಗೆ ವ್ಯವಸ್ಥಿತ ಪೊಲೀಸ್ ಬಂದದ್ದು 1829ರಲ್ಲಿ. ಅದನ್ನು ತಂದ ರಾಬರ್ಟ್ ಪೀಲ್ ಅದಕ್ಕೆ ಹದಿನೈದು ವರ್ಷ ಮೊದಲೇ, 1814ರಲ್ಲಿ, ಐರ್ಲೆಂಡಿನಲ್ಲಿ ಒಂದು ಪಡೆ ಕಟ್ಟಿ ಕೈ ಪಳಗಿಸಿಕೊಂಡಿದ್ದ. ಜನ ಅವರನ್ನು ‘ಪೀಲರ್’ಗಳೆಂದು ಕರೆದರು, ಪ್ರೀತಿಯಿಂದ ಖಂಡಿತ ಅಲ್ಲ. ಮುಂದೆ ಐರಿಷ್ ಕಾನ್‌ಸ್ಟ್ಯಾಬುಲರಿಯಾಗಿ ಬೆಳೆದ ಆ ಮಾದರಿಯನ್ನೇ ಚಾರ್ಲ್ಸ್ ನೇಪಿಯರ್ 1843ರಲ್ಲಿ ಸಿಂಧ್ ಪ್ರಾಂತಕ್ಕೆ ತಂದ. ನಮ್ಮ 1861ರ ಪೊಲೀಸ್ ಕಾಯ್ದೆಯ ಹಿಂದೆಯೂ ಅದರ ನೆರಳಿದೆ. ನಮ್ಮ ಠಾಣೆಗಳ ವಂಶವೃಕ್ಷ ಹುಡುಕಿದರೆ ಒಂದು ಬೇರು ಟಿಪ್ಪೆರರಿಯ ಹೊಲಗಳಲ್ಲಿ ಸಿಗುತ್ತದೆ. ಇಂಥ ನಾಡಿನಲ್ಲಿ ‘ಇನ್‌ಫಾರ್ಮರ್’ ಎಂಬುದಕ್ಕಿಂತ ಹೀನಾಯವಾದ ಬೈಗುಳವಿಲ್ಲ. ಹ್ಯೂಸ್ ಅವರ ಮೊದಲ ಕಾದಂಬರಿ ಇದ್ದದ್ದೇ ಕ್ಯಾಸಲ್‌ಗೆ ಸುದ್ದಿ ಮಾರುತ್ತಿದ್ದ, 1842ರಲ್ಲಿ ಗಲ್ಲಿಗೇರಿದ ಜಾನ್ ಡೆಲಹಂಟ್ ಎಂಬ ನಿಜ ವ್ಯಕ್ತಿಯ ಮೇಲೆ. ಅವನ ಎದುರಿಗೆ ಆನ್ ಡೆವ್‌ಲಿನ್‌ಳನ್ನು ಇಟ್ಟು ನೋಡಿ. 1803ರಲ್ಲಿ ದಂಗೆಯೆದ್ದ ರಾಬರ್ಟ್ ಎಮೆಟ್‌ನ ಮನೆಯಲ್ಲಿದ್ದವಳು. ಡಬ್ಲಿನ್ ಹೊರವಲಯದ ರಾಥ್‌ಫಾರ್ನಮ್‌ನಲ್ಲಿ ಸಿಪಾಯಿಗಳು ಅವಳ ಕೊರಳಿಗೆ ಹಗ್ಗ ಹಾಕಿ, ಅರೆಜೀವ ಆಗುವವರೆಗೆ ತೂಗುಹಾಕಿದರೂ ಒಂದು ಹೆಸರು ಬಾಯಿಬಿಡಲಿಲ್ಲ. 1806ರವರೆಗೆ ಜೈಲಿನಲ್ಲಿ ಕೊಳೆತಳು. ಎಲ್ಲ ತಿಳಿದೂ ಹೇಳದವಳಿಗೆ ಗೌರವ, ತಿಳಿದು ಮಾರಿದವನಿಗೆ ಶಾಪ. ಇವೆರಡರ ನಡುವೆ, ಯಾರ ಸಂಬಳವನ್ನೂ ತಿನ್ನದೆ, ಸತ್ತವಳ ಪರವಾಗಿ ತಿಳಿದುಕೊಳ್ಳುವ ಮೂರನೆಯ ಜಾಗವೊಂದು ಬೇಕಲ್ಲ? ಸಂಬಳವಿಲ್ಲದ, ಹುದ್ದೆಯಿಲ್ಲದ ಹೆಣ್ಣುಮಗಳು ಆ ಜಾಗಕ್ಕೆ ಸರಿಯಾಗಿ ಕೂರುತ್ತಾಳೆ. ಇಂಗ್ಲೆಂಡಿನ ಕಾದಂಬರಿಗಳಲ್ಲಿ ಅಡಚಣೆಯಾಗಿ ಮಾತ್ರ ಕಾಣುವ ಅವಳ ಹೆಣ್ಣುತನ ಇಲ್ಲಿ ಅವಳ ಮೇಲಿನ ನಂಬಿಕೆಗೆ ಜಾಮೀನು.

ಇದೆಲ್ಲ ಇವತ್ತಿನ ಹುಡುಗಿಯೊಬ್ಬಳಿಗೆ ಹಳೇ ಬಟ್ಟೆ ಉಡಿಸಿದ ವೇಷ, ಆ ಕಾಲದಲ್ಲಿ ಯಾವ ಹೆಣ್ಣೂ ಹೀಗಿರಲಿಲ್ಲ ಎಂಬುದು ಮಾಮೂಲಿ ಆಕ್ಷೇಪ. ಕೆಲವು ಪುಸ್ತಕಗಳಿಗೆ ಅದು ಒಪ್ಪುವಂಥದ್ದೇ. 1815ರ ನಾಯಕಿ ಇಂದಿನ ಸ್ತ್ರೀವಾದಿ ಪ್ರಬಂಧದ ವಾಕ್ಯಗಳನ್ನು ಒಪ್ಪಿಸತೊಡಗಿದರೆ ಪುಸ್ತಕ ಮುಚ್ಚಿಡುವುದೇ ವಾಸಿ. ಆದರೆ ‘ಯಾರೂ ಇರಲಿಲ್ಲ’ ಎಂಬುದು ಸುಳ್ಳು. ಕಾರ್ಕ್ ಪಟ್ಟಣದಲ್ಲಿ ಮಾರ್ಗರೆಟ್ ಬಲ್ಕ್‌ಲಿ ಎಂಬ ಹೆಸರಲ್ಲಿ ಹುಟ್ಟಿದ ಮಗು 1809ರಲ್ಲಿ ಜೇಮ್ಸ್ ಬ್ಯಾರಿ ಎಂಬ ಗಂಡಾಗಿ ಎಡಿನ್‌ಬರೋ ವೈದ್ಯಕೀಯ ಶಾಲೆ ಸೇರಿ, 1812ರಲ್ಲಿ ಪದವಿ ಪಡೆದು, ಸೇನೆಯ ಸರ್ಜನ್ ಆಗಿ, 1826ರಲ್ಲಿ ಕೇಪ್‌ಟೌನಿನಲ್ಲಿ ತಾಯಿ ಮಗು ಇಬ್ಬರೂ ಉಳಿದ ಸಿಸೇರಿಯನ್ ಮಾಡಿತು. ಗುಟ್ಟು ಬಯಲಾದದ್ದು 1865ರಲ್ಲಿ, ಹೆಣ ತೊಳೆಯುವಾಗ. ಇಂಥದ್ದನ್ನು ಕಾದಂಬರಿಕಾರರು ಕಟ್ಟಿ ಬರೆದಿದ್ದರೆ ಇದೇ ಆಕ್ಷೇಪಕರು ಅತಿಯಾಯಿತು ಎನ್ನುತ್ತಿದ್ದರು. ಸಾಹಿತ್ಯದಲ್ಲಿ ನೋಡಿದರೂ ಈ ಹೆಣ್ಣು ನಿನ್ನೆ ಮೊನ್ನೆಯವಳಲ್ಲ. ಬೀಗ ಹಾಕಿದ ಕೋಣೆಯ ಕೊಲೆ ಎಂದರೆ ಎಲ್ಲರೂ 1841ರ ಎಡ್ಗರ್ ಆಲನ್ ಪೋ ಹೆಸರು ಹೇಳುತ್ತಾರೆ. ಅದಕ್ಕೂ ಮೂರು ವರ್ಷ ಮೊದಲು, 1838ರ ನವೆಂಬರಿನಲ್ಲಿ, ‘ಡಬ್ಲಿನ್ ಯೂನಿವರ್ಸಿಟಿ ಮ್ಯಾಗಝೀನ್’ನಲ್ಲಿ ಶೆರಿಡನ್ ಲೆ ಫ್ಯಾನು ಬರೆದ ಕಥೆಯಲ್ಲಿ ಒಳಗಿಂದ ಭದ್ರವಾದ ಕೋಣೆಯ ಕೊಲೆಯಿದೆ, ಅದನ್ನು ಹೇಳುವವಳು ಐರಿಷ್ ಕೌಂಟೆಸ್ ಒಬ್ಬಳು. ಆಸ್ತಿಗಾಗಿ ಚಿಕ್ಕಪ್ಪ ತನ್ನನ್ನೂ ಮುಗಿಸಲು ಹೊಂಚುತ್ತಿರುವ ಮನೆಯಲ್ಲಿ ಕೂತು ಕಿಟಕಿಯ ಗುಟ್ಟು ಕಂಡುಕೊಂಡವಳು ಅವಳೇ. ಅವಳಿಗೆ ಅದು ಹವ್ಯಾಸವಾಗಿರಲಿಲ್ಲ, ಜೀವ ಉಳಿಸಿಕೊಳ್ಳುವ ದಾರಿಯಾಗಿತ್ತು.

ಇನ್ನೂ ಗಟ್ಟಿಯಾದ ಆಕ್ಷೇಪವೆಂದರೆ, ನಿಜವಾಗಿ ಸತ್ತ ಹೆಣ್ಣುಮಕ್ಕಳಿದ್ದ ಕಾಲವನ್ನು ಸಂಜೆಯ ವಿನೋದ ಮಾಡಿಕೊಳ್ಳುವುದು ಸರಿಯೇ ಎಂಬುದು. ರೀಜೆನ್ಸಿ ಐರ್ಲೆಂಡಿನ ಅತಿ ಹೆಸರಾದ ಕೊಲೆಯನ್ನೇ ತೆಗೆದುಕೊಳ್ಳೋಣ. ಎಲೆನ್ ಹ್ಯಾನ್ಲಿ, ಹದಿನೈದು ವರ್ಷ, ಲಿಮರಿಕ್ ಕೌಂಟಿಯ ಕ್ರೂಮ್ ಬಳಿಯವಳು. ಹಗ್ಗ ಹೊಸೆಯುವ ಕಸುಬಿನ ಮಾವನ ಮನೆಯಲ್ಲಿ ಬೆಳೆದಳು. ಜಮೀನ್ದಾರರ ಮಗ ಜಾನ್ ಸ್ಕ್ಯಾನ್‌ಲನ್ ಗುಟ್ಟಾಗಿ ಮದುವೆಯಾದ. ಮಾವ ಕೂಡಿಟ್ಟ ಹಣವೂ ಅವಳ ಜೊತೆ ಹೋಯಿತು. ಕೆಲವೇ ವಾರಗಳಲ್ಲಿ ಅವನಿಗೆ ಅವಳು ಬೇಡವಾದಳು. 1819ರ ಜುಲೈನಲ್ಲಿ ಶ್ಯಾನನ್ ನದಿಯ ಮೇಲೆ ದೋಣಿಯಲ್ಲಿ ಅವನ ಆಳು ಸ್ಟೀಫನ್ ಸಲಿವನ್ ಅವಳನ್ನು ಕೊಂದು ನೀರಿಗೆ ಹಾಕಿದ. ಸೆಪ್ಟೆಂಬರ್ 6ರಂದು ಹಗ್ಗ ಬಿಗಿದ ದೇಹ ಕ್ಲೇರ್ ಕೌಂಟಿಯ ಮನಿಪಾಯಿಂಟ್ ದಡಕ್ಕೆ ಬಂತು. ಹಗ್ಗದವನ ಮನೆಯ ಹುಡುಗಿ, ಕಡೆಗೂ ಹಗ್ಗ. ಆ ಪ್ರಾಂತದಲ್ಲಿ ಆಗ ಡಿಟೆಕ್ಟಿವ್ ಎಂಬ ಜೀವಿಯೇ ಇರಲಿಲ್ಲ. ನೆರವಿಗೆ ಬಂದದ್ದು ಹೆಂಗಸರ ಕಣ್ಣು: ಎಲೆನ್ ಜೊತೆ ದೋಣಿಯಲ್ಲಿ ಪ್ರಯಾಣ ಮಾಡಿದ್ದ ಹೆಂಗಸೊಬ್ಬಳು ಅವಳ ಬಟ್ಟೆಗಳ ಗುರುತು ಹಿಡಿದು ಸಾಕ್ಷಿ ನುಡಿದಳು. ಸ್ಕ್ಯಾನ್‌ಲನ್ ಪರವಾಗಿ ವಾದಿಸಿದವನು ಡೇನಿಯಲ್ ಓ’ಕಾನೆಲ್, ಆ ನಾಡಿನ ಅತಿ ದೊಡ್ಡ ವಕೀಲ. ಆದರೂ 1820ರ ಮಾರ್ಚ್‌ನಲ್ಲಿ ಸ್ಕ್ಯಾನ್‌ಲನ್ ಗಲ್ಲಿಗೇರಿದ. ಜುಲೈನಲ್ಲಿ ಸಲಿವನ್, ತಪ್ಪೊಪ್ಪಿಕೊಂಡು.

ಅನಂತರ ನಡೆದದ್ದು ಈ ಆಕ್ಷೇಪಕ್ಕೆ ತಕ್ಕ ಉತ್ತರ. 1829ರಲ್ಲಿ ಜೆರಲ್ಡ್ ಗ್ರಿಫಿನ್ ಈ ಕಥೆಯನ್ನು ‘ದಿ ಕಾಲೀಜಿಯನ್ಸ್’ ಎಂಬ ಕಾದಂಬರಿ ಮಾಡಿದ. ಕಾದಂಬರಿಯ ಭಾರವೆಲ್ಲ ಕೊಲ್ಲಿಸಿದ ಯುವಕನ ಮನದ ತೊಳಲಾಟದ ಮೇಲೆ ಬಿತ್ತು. 1860ರಲ್ಲಿ ಡಿಯಾನ್ ಬೂಸಿಕಾಲ್ಟ್ ‘ದಿ ಕಾಲೀನ್ ಬಾನ್’, ಅಂದರೆ ಚೆಲುವೆ ಹುಡುಗಿ, ಎಂಬ ನಾಟಕ ಮಾಡಿ ಅವಳನ್ನು ನೀರಿನಿಂದ ಎತ್ತಿಸಿ ಬದುಕಿಸಿಯೇಬಿಟ್ಟ. ಜನ ಚಪ್ಪಾಳೆ ತಟ್ಟಿದರು. 1862ರಲ್ಲಿ ಅದೇ ಒಪೆರಾ ಆಯಿತು. ಕಿಲಿಮರ್ ಬಳಿಯ ಬರೇನ್ ಸ್ಮಶಾನದಲ್ಲಿ ಅವಳ ಗೋರಿಗೆ ನಿಲ್ಲಿಸಿದ ಶಿಲುಬೆಯನ್ನು ಪ್ರವಾಸಿಗಳು ನೆನಪಿಗೆಂದು ಚೂರು ಚೂರೇ ಕೆತ್ತಿಕೊಂಡು ಹೋದರು. ಸತ್ತವಳನ್ನು ವಿನೋದ ಮಾಡುವುದೆಂದರೆ ಇದು. ಕೊಂದವನ ದುಃಖ ಬರೆಯುವುದು, ಕೊಂದೇ ಇಲ್ಲವೆಂದು ಬರೆಯುವುದು. ಪತ್ತೇದಾರಿ ಪ್ರಕಾರಕ್ಕೆ ಎಷ್ಟೇ ದೋಷವಿರಲಿ, ಅದರ ನಿಯಮವೊಂದು ಕಟ್ಟುನಿಟ್ಟು: ಹೆಣ ಎದ್ದು ಕೂರುವಂತಿಲ್ಲ, ‘ಯಾರು’ ಎಂಬ ಪ್ರಶ್ನೆ ಉತ್ತರ ಸಿಗದೆ ಬಿಡುವಂತಿಲ್ಲ. ಹೊತ್ತು ಹೋಗದ ಓದುಗನೂ ಕೊನೆಯ ಪುಟದವರೆಗೆ ಹ್ಯೂಸ್ ಕಾದಂಬರಿಯ ಆ ದಾದಿಗೆ ನ್ಯಾಯ ಸಿಗಲೆಂದೇ ಕಾಯುತ್ತಿರುತ್ತಾನೆ.

ವರ್ಗದ ಪ್ರಶ್ನೆಗೆ ನನ್ನಲ್ಲಿ ಇಷ್ಟು ಸಲೀಸಾದ ಉತ್ತರವಿಲ್ಲ. ಈ ಕಾದಂಬರಿಗಳಲ್ಲಿ ಬುದ್ಧಿ ಯಾವಾಗಲೂ ಮೇಲಿನ ಮಹಡಿಯಲ್ಲಿ, ಹೆಣ ಯಾವಾಗಲೂ ಅಡುಗೆಮನೆಯಿಂದ. ಎಲೆನ್ ಪ್ರಕರಣದಲ್ಲಿ ಬಟ್ಟೆ ಗುರುತಿಸಿದವಳು ಯಾವ ಲೇಡಿಯೂ ಅಲ್ಲ, ದೋಣಿಗೆ ಕಾದು ನಿಂತಿದ್ದ ಬಡವಿ. ಅವಳನ್ನು ನಾಯಕಿ ಮಾಡಿದ ಸರಣಿ ಯಾಕಿಲ್ಲ? ಬಹುಶಃ ಓದುಗನಿಗೆ ಗೌನಿನ ಮೆರುಗೂ ಬೇಕು, ಅದನ್ನು ಕೊಡದೆ ಪ್ರಕಾಶಕ ಮುಟ್ಟುವುದಿಲ್ಲ. ಬಾಲ್‌ರೂಮಿನ ಮೇಣದಬತ್ತಿಗಳನ್ನೇ ಎಣಿಸುತ್ತ ಹಿನ್ನೆಲೆಯ ಹಸಿವನ್ನು ಮಂಜಿನ ಹಾಗೆ ಅಲಂಕಾರಕ್ಕೆ ಬಳಸುವ ಪುಸ್ತಕಗಳೂ ಬೇಕಾದಷ್ಟಿವೆ. ಆನಾ ಲೀ ಹ್ಯೂಬರ್ ಅವರ ‘ಆ್ಯಸ್ ಡೆತ್ ಡ್ರಾಸ್ ನಿಯರ್’ ಈ ದೃಷ್ಟಿಯಿಂದ ಕುತೂಹಲದ್ದು. ಕಾಲ 1831, ರೀಜೆನ್ಸಿಯ ಬಾಲ. ಜಾಗ ಆನ್ ಡೆವ್‌ಲಿನ್‌ಳ ಅದೇ ರಾಥ್‌ಫಾರ್ನಮ್, ಅಲ್ಲಿನ ಲೊರೆಟೊ ಕಾನ್ವೆಂಟ್. ಸತ್ತವಳು ಒಬ್ಬ ಸನ್ಯಾಸಿನಿ. ಪ್ರಾಟೆಸ್ಟೆಂಟ್ ನಾಯಕಿ ಕ್ಯಾಥಲಿಕ್ ಮಠದೊಳಗೆ ಹೋಗಿ ಕೇಳಬೇಕು, ಕೇಳಿದರೂ ಹೇಳುವ ಹಂಗು ಯಾರಿಗೂ ಇಲ್ಲ. ಇಲ್ಲಿ ಅವಳ ಮೇಲ್ವರ್ಗವೇ ಅವಳಿಗೆ ಅಡ್ಡಗೋಡೆ. ನನ್ನ ಅಳತೆಗೋಲು ಸರಳ: ಸತ್ತ ಆಳಿನವಳಿಗೆ ಪುಸ್ತಕದಲ್ಲಿ ಒಂದು ಹೆಸರು, ಒಂದು ಊರು, ಒಂದು ಸಣ್ಣ ಆಸೆ ಇದೆಯೇ? ಇದ್ದರೆ ಗೌನಿನ ಮೆರುಗು ಕ್ಷಮಿಸಬಹುದು.

ಇನ್ನು, ಇನ್ನೂರು ವರ್ಷದ ಹಿಂದಿನ ಡಬ್ಲಿನ್ ಕಟ್ಟಿಕೊಂಡು ನಮಗೇನಾಗಬೇಕು ಎನ್ನುವವರಿಗೆ ಒಂದು ಹೆಸರು ನೆನಪಿಸಬೇಕು. ಬೆಳಗಾವಿಯ ದಂತವೈದ್ಯೆ ಸವಿತಾ ಹಾಲಪ್ಪನವರ 2012ರ ಅಕ್ಟೋಬರ್ 28ರಂದು ಐರ್ಲೆಂಡಿನ ಗಾಲ್ವೇಯಲ್ಲಿ ತೀರಿಕೊಂಡರು. ಗರ್ಭ ಉಳಿಯುವುದಿಲ್ಲವೆಂದು ತಿಳಿದ ಮೇಲೂ ಆಸ್ಪತ್ರೆಯವರು ಗರ್ಭಪಾತ ನಿರಾಕರಿಸಿ, ‘ಇದು ಕ್ಯಾಥಲಿಕ್ ದೇಶ’ ಎಂದಿದ್ದರು ಎಂಬ ಅವರ ಪತಿಯ ಮಾತನ್ನು ಮೊದಮೊದಲು ಅನೇಕರು ಅನುಮಾನಿಸಿದರು. 2013ರ ಏಪ್ರಿಲ್‌ನಲ್ಲಿ ಕರಾನರ್ ವಿಚಾರಣೆ ಕೂತಾಗ, ಆ ಮಾತು ತಾನು ಆಡಿದ್ದು ಹೌದೆಂದು ಸೂಲಗಿತ್ತಿ ಅಧಿಕಾರಿಯೊಬ್ಬರು ಪ್ರಮಾಣ ಮಾಡಿ ಹೇಳಿದರು. ಹಾಸಿಗೆಯ ಪಕ್ಕದಲ್ಲಿ ಆಡಿದ ಒಂದು ಮಾತು ದಾಖಲೆಗೆ ಸೇರಿತು. ಐದು ವರ್ಷದ ನಂತರ, 2018ರ ಮೇ 25ರ ಜನಮತದಲ್ಲಿ ಶೇ 66.4ರಷ್ಟು ಮಂದಿ ಗರ್ಭಪಾತಕ್ಕೆ ಅಡ್ಡಿಯಾಗಿದ್ದ ಸಂವಿಧಾನ ವಿಧಿಯನ್ನು ತೆಗೆದುಹಾಕಿದರು. ಇದೇ ದೇಶದ ಪೊಲೀಸ್ ಪಡೆಗೆ ಮೊದಲ ಹನ್ನೆರಡು ಹೆಣ್ಣುಮಕ್ಕಳು ಸೇರಿದ್ದು 1959ರಲ್ಲಿ. ಗಂಡಸರ ಸಮಕ್ಕೆ ಜೂರಿಯಲ್ಲಿ ಕೂರುವ ಹಕ್ಕು ಹೆಂಗಸರಿಗೆ ಕೋರ್ಟಿಗೆ ಹೋದ ಮೇಲೆ, 1976ರ ಕಾಯ್ದೆಯಿಂದ ಬಂತು. ಆಬಿಗೇಲ್ ಬಾಗಿಲ ಸಂದಿಯಿಂದ ಕೇಳಿಸಿಕೊಳ್ಳುವುದನ್ನು ರೀಜೆನ್ಸಿಯ ಮುದ್ದಾದ ಚಿತ್ರವೆಂದು ಓದುವವರು ಈ ಇಸವಿಗಳನ್ನು ಪಕ್ಕದಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಡಬ್ಲಿನ್ ಜನ ಈ ಪುಸ್ತಕವನ್ನು ಕೂಡಿ ಓದುವ ಹೊತ್ತಿಗೆ ಅವರ ದೇಶದ ಬಹುಮುಖ್ಯ ಪತ್ತೇದಾರಿಣಿ ಯಾರೆಂಬುದು ಅವರಿಗೆಲ್ಲ ಗೊತ್ತಿತ್ತು. ಗಾಲ್ವೇ ಕೌಂಟಿಯ ಟ್ಯೂಮ್ ಪಟ್ಟಣದ ಹತ್ತಿರದ ಗೃಹಿಣಿ ಕ್ಯಾಥರಿನ್ ಕಾರ್ಲೆಸ್. ಪೊಲೀಸಳಲ್ಲ, ಪ್ರೊಫೆಸರಳಲ್ಲ, ಊರ ಇತಿಹಾಸದ ಪತ್ರಿಕೆಗೆ ಲೇಖನ ಬರೆಯಲು ಹೊರಟವಳು. 1925ರಿಂದ 1961ರವರೆಗೆ ಅಲ್ಲಿ ಮದುವೆಯಾಗದ ತಾಯಂದಿರ ಆಶ್ರಯಧಾಮವೊಂದಿತ್ತು. ಅಲ್ಲಿ ಸತ್ತ ಮಕ್ಕಳೆಷ್ಟು ಎಂದು ಆಕೆ ನೋಂದಣಿ ಕಚೇರಿಯಲ್ಲಿ ಕೇಳಿದಾಗ ಸಿಕ್ಕ ಉತ್ತರ 796. ಒಂದೊಂದು ಮರಣ ಪ್ರಮಾಣಪತ್ರವನ್ನೂ ದುಡ್ಡು ಕಟ್ಟಿ ಪಡೆದು, ಸುತ್ತಲಿನ ಸ್ಮಶಾನಗಳ ಪುಸ್ತಕಗಳಲ್ಲಿ ಆ ಹೆಸರುಗಳನ್ನು ಹುಡುಕಿದಳು. ಬೆರಳೆಣಿಕೆಯಷ್ಟೂ ಸಿಗಲಿಲ್ಲ. ಆಮೇಲೆ ಎರಡು ನಕ್ಷೆಗಳನ್ನು ಒಂದರ ಮೇಲೊಂದು ಇಟ್ಟಳು. ಹಳೆಯದರಲ್ಲಿ ಕೊಳಚೆ ತೊಟ್ಟಿ ಎಂದು ಗುರುತಿದ್ದ ಜಾಗದಲ್ಲೇ 1970ರ ದಶಕದ ನಕ್ಷೆಯ ಮೇಲೆ ಯಾರೋ ಕೈಯಲ್ಲಿ ‘ಸ್ಮಶಾನ’ ಎಂದು ಬರೆದಿದ್ದರು. ಆಕೆಯ ಲೇಖನ 2012ರಲ್ಲಿ ಅಚ್ಚಾಯಿತು, ಎರಡು ವರ್ಷ ಯಾರೂ ಹೆಚ್ಚು ಗಮನಿಸ ಹೋಗಲಿಲ್ಲ. ‘ದಿ ಕರಾನರ್ಸ್ ಡಾಟರ್’ ಹೊರಬಂದ ವರ್ಷವೇ, 2017ರ ಮಾರ್ಚ್‌ನಲ್ಲಿ, ಸರ್ಕಾರಿ ಆಯೋಗ ಅಲ್ಲಿ ಮಕ್ಕಳ ಅಸ್ಥಿಗಳಿರುವುದನ್ನು ದೃಢಪಡಿಸಿತು. ಪೂರ್ತಿ ಅಗೆತ ಶುರುವಾದದ್ದು 2025ರ ಜುಲೈನಲ್ಲಿ. ಹದಿನೆಂಟು ದಿನದ, ಎಂಟು ತಿಂಗಳ ಕೂಸುಗಳ ಎಲುಬುಗಳನ್ನು ಬೇರ್ಪಡಿಸಿ, ಯಾವ ಎಲುಬು ಯಾರ ಮಗುವಿನದು ಎಂದು ಹೇಳಲು ಈಗ ಡಿಎನ್‌ಎ ತಜ್ಞರು ಅಲ್ಲಿದ್ದಾರೆ. ಅವರ ಮೇಜಿನ ಮೇಲಿನ ಹೆಸರುಗಳ ಪಟ್ಟಿ ಶುರುವಾದದ್ದು ಆ ಗೃಹಿಣಿಯ ಅಡುಗೆಮನೆಯ ಮೇಜಿನ ಮೇಲೆ.